ಒಂದು ಊದಿನಕಡ್ಡಿ ಉರಿಯುವಷ್ಟು ಹೊತ್ತು

ಯಾವ ಕಾಲ ಅಂತ ಕೇಳಬೇಡಿ, ಹೇಳುವವರು ಯಾರೂ ಉಳಿದಿಲ್ಲ. ಬಂಡೆಕಣಿವೆ ಅನ್ನುವ ಊರಿನಲ್ಲಿ, ಲಾರಿಗಳು ಏರು ಹತ್ತುವ ಮೊದಲು ನಿಲ್ಲುವ ಜಾಗದಲ್ಲಿ, ದಸ್ತಗೀರ ಅಂತ ಒಬ್ಬ ಮೇಸ್ತ್ರಿ ಇದ್ದನಂತೆ.

ಅವನ ಕಿವಿ ಅಂಥಿಂಥ ಕಿವಿಯಲ್ಲವಂತೆ. ಮೂರು ಮೈಲಿ ಆಚೆ ಬರುವ ಬಸ್ಸಿನ ಸದ್ದು ಕೇಳಿ ಯಾವ ಬೇರಿಂಗು ಸವೆದಿದೆ ಅಂತ ಹೇಳುತ್ತಿದ್ದನಂತೆ. ಅವನು ಗದರಿದರೆ ಕೆಟ್ಟು ನಿಂತ ಲಾರಿ ತಾನಾಗಿ ಚಾಲೂ ಆಗುತ್ತಿತ್ತಂತೆ. ಇದನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಬಾಯಿಂದ ಬಾಯಿಗೆ ಹೋದ ಮಾತಿಗೆ ಕೈಕಾಲು ಮೂಡುತ್ತವೆ. ಆದರೆ ಊದಿನಕಡ್ಡಿಯ ಮಾತು ನಿಜ.

ಎಂಜಿನ್ನು ಅಂದರೆ ಗಾಳಿ ಕುಡಿಯುವ ಪ್ರಾಣಿ. ಕುಡಿಯಬೇಕಾದ ಬಾಯಿ ಬಿಟ್ಟು ಎಲ್ಲೋ ಕೂದಲೆಳೆಯಷ್ಟು ಬಿರುಕಿನಿಂದ ಕುಡಿದರೆ, ಗಾಡಿ ನಿಂತಲ್ಲಿ ಸಮನಾಗಿ ಉಸಿರಾಡುವುದಿಲ್ಲ. ಸದ್ದು ಏರುತ್ತದೆ, ಇಳಿಯುತ್ತದೆ, ಕೆಮ್ಮಿ ಆರಿಹೋಗುತ್ತದೆ. ಬಿರುಕು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ದಸ್ತಗೀರ, ಫ್ಯಾನು ತಿರುಗಿ ಹೊಗೆ ಚದುರಿಸದಂತೆ ಅದರ ಬೆಲ್ಟು ಬಿಚ್ಚಿ, ಪೆಟ್ರೋಲು ಎಲ್ಲೂ ಜಿನುಗುತ್ತಿಲ್ಲ ಅಂತ ಮೂಸಿ ನೋಡಿ, ಒಂದು ಊದಿನಕಡ್ಡಿ ಹಚ್ಚುತ್ತಿದ್ದನಂತೆ. ಓಡುವ ಎಂಜಿನ್ನಿನ ಒಂದೊಂದೇ ಕೊಳವೆಯ ಪಕ್ಕ ಅದನ್ನು ಹಿಡಿಯುತ್ತ ಹೋಗುತ್ತಿದ್ದನಂತೆ. ಹೊಗೆ ನೆಟ್ಟಗೆ ಏರಿದರೆ ಮುಂದಿನ ಕೊಳವೆ. ಬಾಗಿ ಒಳಗೆ ನುಗ್ಗಿದರೆ ರೋಗ ಅಲ್ಲೇ.

ಅದೇ ಊರಿನಲ್ಲಿ ಮಂಡಕ್ಕಿ ಭಟ್ಟಿಯವರ ಮನೆಯ ಪಾಲಾಕ್ಷ ಅಂತ ಒಬ್ಬ ಇದ್ದ. ಕಾರಿನ ಹುಚ್ಚು. ಹಳೆಯ ಕಾರೊಂದರ ಎಂಜಿನ್ನಿಗೆ ಬಲ ತುಂಬಿಸಿ ರೇಸಿನ ಗಾಡಿ ಮಾಡಿಕೊಂಡಿದ್ದ. ಮಾಡಿಕೊಟ್ಟವನು ದಸ್ತಗೀರನೇ, ಅವನಿಗೆ ಈ ಹುಡುಗ ಅಂದರೆ ಜೀವ. ವರ್ಷಕ್ಕೊಮ್ಮೆ ಕಣಿವೆಯ ರಸ್ತೆಯಲ್ಲಿ ರೇಸು ನಡೆಯುತ್ತಿತ್ತು. ಎರಡು ವರ್ಷ ಪಾಲಾಕ್ಷ ಎರಡನೆಯವನಾಗಿದ್ದ.

ಮೂರನೇ ವರ್ಷ ರೇಸಿನ ಬೆಳಗ್ಗೆಯೇ ಕಾರಿನ ಉಸಿರು ಕೆಟ್ಟಿತು. ಸದ್ದು ಏರುವುದು, ಇಳಿಯುವುದು, ಏರುವುದು, ಇಳಿಯುವುದು. ಕೇಳಿ ದಸ್ತಗೀರನ ಮುಖ ಸಣ್ಣದಾಯಿತಂತೆ.

"ಒಂದ್ ಕಡ್ಡಿ ಉರಿಯಾವಷ್ಟು ಹೊತ್ತು ಕೊಡಪ," ಅಂದನಂತೆ.

"ಬಾವುಟ ಬೀಸಾ ಹೊತ್ತಾತು ಮೇಸ್ತ್ರಿ. ಸ್ಕ್ರೂ ತಿರುವಿ ಬಿಡು. ನಾಳೆ ಇಡೀ ದಿನ ಗಾಡಿ ನಿಂದೇ," ಅಂದನಂತೆ ಪಾಲಾಕ್ಷ.

ಕಾರ್ಬುರೇಟರಿನ ಮೇಲೆ ಒಂದು ಪುಟ್ಟ ಸ್ಕ್ರೂ ಇರುತ್ತದೆ. ತಿರುವಿದರೆ ಎಂಜಿನ್ನಿನ ವೇಗ ಏರಿ ಸದ್ದು ಸಮನಾಗುತ್ತದೆ. ರೋಗ ವಾಸಿಯಾಗುವುದಿಲ್ಲ, ನರಳುವುದು ನಿಲ್ಲುತ್ತದೆ, ಅಷ್ಟೆ. ಬೇರೆ ಯಾರಾದರೂ ಕೇಳಿದ್ದರೆ ದಸ್ತಗೀರ ಸ್ಪ್ಯಾನರು ಎತ್ತಿಕೊಂಡು ಅಟ್ಟಿಬಿಡುತ್ತಿದ್ದ. ಕೇಳಿದವನು ಪಾಲಾಕ್ಷ. ತಿರುವಿದ. ಅರ್ಧ ಸುತ್ತು ಅಂತಾರೆ ಕೆಲವರು, ಕಾಲು ಸುತ್ತು ಅಂತಾರೆ ಕೆಲವರು. ಎಷ್ಟಾದರೇನು, ಕಾರು ಸುಮ್ಮನಾಯಿತು, ಹೋಯಿತು.

ಐದನೇ ತಿರುವಿನಲ್ಲಿ ಅದು ತಿರುಗಲಿಲ್ಲ. ನೇರವಾಗಿ ಹೋಗಿ ಬಂಡೆಗೆ ಬಡಿಯಿತು. ಆಸ್ಪತ್ರೆಯ ದಾರಿಯಲ್ಲಿ ಪಾಲಾಕ್ಷ, ಬ್ರೇಕು ಕಲ್ಲಾಗಿತ್ತು, ಎಷ್ಟು ತುಳಿದರೂ ಇಳಿಯಲಿಲ್ಲ ಅಂದನಂತೆ. ಆಮೇಲೆ ಮಾತಾಡಲಿಲ್ಲ.

ಮೂರನೇ ದಿನ ಪಾಲಾಕ್ಷನ ತಾಯಿ ತಾನೇ ಷೆಡ್ಡಿಗೆ ಬಂದು, "ನಿಮ್ದೇನ್ ತಪ್ಪೈತಿ ಸಾಬ್ರೇ, ಅವನ ಹಣೇಬರ," ಅಂದಳಂತೆ. ಬೈದಿದ್ದರೆ ದಸ್ತಗೀರ ಬದುಕುತ್ತಿದ್ದನೋ ಏನೋ.

ಜಜ್ಜಿಹೋದ ಕಾರನ್ನು ದಸ್ತಗೀರ ಷೆಡ್ಡಿಗೆ ಎಳೆಸಿದ. ಎಡಮೈ ಪೂರಾ ಹೋಗಿತ್ತು, ಎಂಜಿನ್ನು ಉಳಿದಿತ್ತು. ಚಾಲೂ ಮಾಡಿದ. ಸ್ಕ್ರೂವನ್ನು ಮೊದಲಿದ್ದ ಕಡೆಗೆ ತಿರುಗಿಸಿದ. ಸದ್ದು ಮತ್ತೆ ಏರಿತು, ಇಳಿಯಿತು. ಆಗ ಕಡ್ಡಿ ಹಚ್ಚಿದ. ಎಂಜಿನ್ನು ಎಳೆಯುವ ಗಾಳಿಯಿಂದಲೇ ಬ್ರೇಕಿಗೆ ಬಲ ಕೊಡುವ ಒಂದು ರಬ್ಬರು ಕೊಳವೆ ಇದೆಯಲ್ಲ, ಅದರ ಕೆಳಮೈಯಲ್ಲಿ ಹಳೆಯ ಬಿರುಕು. ಹೊಗೆ ಬಾಗಿ ಅಲ್ಲಿ ಒಳಗೆ ಹೋಯಿತು. ಕಡ್ಡಿ ಇನ್ನೂ ಬೆರಳಗಲ ಉರಿದಿರಲಿಲ್ಲವಂತೆ.

ಉಳಿದ ಕಡ್ಡಿ ಉರಿದು ಕೈ ಸುಡುವವರೆಗೂ ಅವನು ಹಾಗೇ ನಿಂತಿದ್ದನಂತೆ.

ಆಮೇಲೆ ಅವನಿಗೆ ಕಿವುಡು ಬಂತು ಅಂತಾರೆ. ಸುಳ್ಳು. ಕೇಳಿಸುತ್ತಿತ್ತು, ಅದೇ ಅವನ ಕಷ್ಟ ಅನ್ನುತ್ತಿದ್ದ ನಮ್ಮಜ್ಜ. ಷೆಡ್ಡಿನ ಮುಂದೆ ಕೂತರೆ ಹೋಗುವ ಪ್ರತಿ ಗಾಡಿಯ ರೋಗವೂ ಕೇಳುತ್ತಿತ್ತು, ಕೈ ಹಾಕುವ ಧೈರ್ಯ ಹೋಗಿತ್ತು. ಒಂದು ದಿನ ಎದ್ದು ಕಣಿವೆಯ ಕಡೆ ನಡೆದವನು ಮತ್ತೆ ಬರಲಿಲ್ಲವಂತೆ. ಅವನ ಗೋರಿ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ.

ಬಂಡೆಕಣಿವೆಯಲ್ಲಿ ಈಗ ಹದಿನಾರು ಷೆಡ್ಡುಗಳಿವೆ. ಯಾವ ಷೆಡ್ಡಿಗೆ ಹೋದರೂ, ಬೆಳಗ್ಗೆ ಮೊದಲ ಗಾಡಿಯ ಬಾನೆಟ್ಟು ಎತ್ತಿ ದಸ್ತಗೀರಜ್ಜನ ಹೆಸರಲ್ಲಿ ಊದಿನಕಡ್ಡಿ ಹಚ್ಚುತ್ತಾರೆ. ಹಿಂದೂ ಹಚ್ಚುತ್ತಾನೆ, ಸಾಬನೂ ಹಚ್ಚುತ್ತಾನೆ. ಹಚ್ಚಿ, ಭಕ್ತಿಯಿಂದ ಒಂದು ಗಳಿಗೆ ನಿಂತು, ಸ್ಕ್ರೂ ತಿರುವಿ ಗಾಡಿ ಕಳಿಸುತ್ತಾರೆ. ನಾನು ಎಷ್ಟೋ ಸಲ ಹೋಗಿ ನೋಡಿದ್ದೇನೆ. ಹೊಗೆ ಎತ್ತ ಬಾಗುತ್ತದೆ ಅಂತ ನೋಡುವವನು ಒಬ್ಬನೂ ಇಲ್ಲ. ಎಲ್ಲರೂ ಕಣ್ಣು ಮುಚ್ಚಿಕೊಂಡಿರುತ್ತಾರೆ.