ಸಾಲ ಕೇಳಲು ಹೋಗಿ ಸಾಲು ಕೇಳಿದ ಕೆಂಚಿ

ಬನ್ನಿ ಬನ್ನಿ, ಹತ್ತಿರ ಬನ್ನಿ. ಮೂಗು ಒರೆಸಿಕೊಂಡು ಕೂತ್ಕೊಳ್ಳಿ. ನಡುವೆ ಬಾಯಿ ಹಾಕಿದರೆ ಮೊದಲಿಂದ ಶುರು ಮಾಡ್ತೀನಿ, ಹೇಳಿದ್ದೀನಿ!

ಕೆಂಚಿ ಅಂತ ಒಂದು ಮೇಕೆ. ಕೆಂಚಿಗೆ ಒಂದೇ ಮರಿ. ಮರಿ ಹೆಸರು ಬೂದ. ಬೂದನಿಗೆ ಕಣ್ಣು ಕಾಣಲ್ಲ. ಹುಟ್ಟಿದಾಗಿಂದ ಕಾಣಲ್ಲ. ಅದಕ್ಕೇನಂತೆ? ಕೆಂಚಿಯ ಕೊರಳಲ್ಲಿ ಗಂಟೆ ಇತ್ತು. ಅಮ್ಮ ನಡೆದರೆ ಟಿಣ್ ಟಿಣ್. ಟಿಣ್ ಟಿಣ್ ಹಿಂದೆಯೇ ಬೂದ.

ಒಂದು ದಿನ ಗಂಟೆಯ ನಾಲಿಗೆ ಕಳಚಿ ಎಲ್ಲೋ ಬಿತ್ತು. ಕೆಂಚಿ ಹುಡುಕಿದಳು, ಹುಡುಕಿದಳು. ಸಿಗಲಿಲ್ಲ. ಗಂಟೆ ಮೂಕವಾಯಿತು. ಅಮ್ಮ ಎಡಕ್ಕೆ ಹೋದರೆ ಬೂದ ಬಲಕ್ಕೆ ಹೋದ. ಮುಳ್ಳುಬೇಲಿಗೆ ಹೋಗಿ ಬಿದ್ದ. ಮೈಯೆಲ್ಲ ತರಚಿತು. ಅಯ್ಯೋ ಪಾಪ! ಮನೆಯವರು ಅವನನ್ನು ಗೂಟಕ್ಕೆ ಕಟ್ಟಿಬಿಟ್ಟರು.

ಕೆಂಚಿ ಕೂಗಬಹುದಿತ್ತಲ್ಲ ಅಂತೀರಾ? ಕೂಗಿದಳು. ಆದರೆ ಊರ ಮೇಕೆಗಳೆಲ್ಲ ಮೇ ಅಂತಲೇ ಕೂಗುತ್ತವೆ. ಬೂದನಿಗೆ ಯಾವ ಮೇ ಅಮ್ಮನದು ಅಂತ ಹೇಗೆ ಗೊತ್ತಾಗಬೇಕು?

ಕೆಂಚಿ ಕಮ್ಮಾರ ಕಾಳಾಚಾರಿಯ ಹತ್ತಿರ ಹೋದಳು.

"ಕಾಳಾಚಾರಿ, ಕಾಳಾಚಾರಿ, ಗಂಟೆಗೆ ನಾಲಿಗೆ ಇಲ್ಲ. ನನ್ನ ಮರಿ ಗೂಟದಲ್ಲಿದೆ. ನಾಲಿಗೆ ಮಾಡಿಕೊಡಪ್ಪ."

"ಆಗಲ್ಲ ಕೆಂಚವ್ವ. ಇದ್ದಿಲಿಲ್ಲ. ಕುಲುಮೆ ತಣ್ಣಗಿದೆ. ಇದ್ದಿಲು ಸುಡೋ ದುರುಗಪ್ಪನನ್ನ ಕೇಳು."

ಕೆಂಚಿ ದುರುಗಪ್ಪನ ಹತ್ತಿರ ಹೋದಳು.

"ದುರುಗಪ್ಪ, ದುರುಗಪ್ಪ, ಗಂಟೆಗೆ ನಾಲಿಗೆ ಇಲ್ಲ. ಆಚಾರಿಗೆ ಇದ್ದಿಲಿಲ್ಲ. ನನ್ನ ಮರಿ ಗೂಟದಲ್ಲಿದೆ. ಇದ್ದಿಲು ಕೊಡಪ್ಪ."

"ಆಗಲ್ಲ ಕೆಂಚವ್ವ. ಕೊಂಬೆ ಇಲ್ಲ. ಏನು ಸುಡಲಿ, ನನ್ನ ತಲೆ ಸುಡಲಾ? ಜಾಲಿಮರವನ್ನ ಕೇಳು."

ಕೆಂಚಿ ಜಾಲಿಮರದ ಹತ್ತಿರ ಹೋದಳು.

"ಜಾಲಿಯಕ್ಕ, ಜಾಲಿಯಕ್ಕ, ಗಂಟೆಗೆ ನಾಲಿಗೆ ಇಲ್ಲ. ಆಚಾರಿಗೆ ಇದ್ದಿಲಿಲ್ಲ. ದುರುಗಪ್ಪನಿಗೆ ಕೊಂಬೆ ಇಲ್ಲ. ನನ್ನ ಮರಿ ಗೂಟದಲ್ಲಿದೆ. ಕೊಂಬೆ ಕೊಡಕ್ಕ."

"ಎಲ್ಲಿಂದ ಕೊಡಲಿ? ಬುಡದ ತನಕ ಕಡಿದರು. ಚಿಗುರೋಕೆ ನೀರಿಲ್ಲ. ಚಿಗುರಿದ ಒಂದೆರಡನ್ನೂ ಯಾರೋ ತಿಂದರು."

ಕೆಂಚಿ ಸುಮ್ಮನೆ ಆಕಾಶ ನೋಡಿದಳು. ಕಳ್ಳಿ!

"ಕೆರೆಯನ್ನ ಕೇಳು, ಹೋಗು," ಅಂತು ಜಾಲಿ.

ಕೆಂಚಿ ಕೆರೆಯ ಹತ್ತಿರ ಹೋದಳು.

"ಕೆರೆಯಮ್ಮ, ಕೆರೆಯಮ್ಮ, ಗಂಟೆಗೆ ನಾಲಿಗೆ ಇಲ್ಲ. ಆಚಾರಿಗೆ ಇದ್ದಿಲಿಲ್ಲ. ದುರುಗಪ್ಪನಿಗೆ ಕೊಂಬೆ ಇಲ್ಲ. ಜಾಲಿಗೆ ನೀರಿಲ್ಲ. ನನ್ನ ಮರಿ ಗೂಟದಲ್ಲಿದೆ. ನೀರು ಕೊಡಮ್ಮ."

"ನನ್ನ ಏರಿ ಒಡೆದಿದೆ ಮಗಳೇ. ಬಂದ ನೀರು ಬಂದಹಾಗೇ ಹೋಗುತ್ತೆ. ಏರಿ ಕಟ್ಟೋ ಮಾರಕ್ಕನನ್ನ ಕೇಳು."

ಕೆಂಚಿ ಮಾರಕ್ಕನ ಹತ್ತಿರ ಹೋದಳು.

"ಮಾರಕ್ಕ, ಮಾರಕ್ಕ, ಗಂಟೆಗೆ ನಾಲಿಗೆ ಇಲ್ಲ. ಆಚಾರಿಗೆ ಇದ್ದಿಲಿಲ್ಲ. ದುರುಗಪ್ಪನಿಗೆ ಕೊಂಬೆ ಇಲ್ಲ. ಜಾಲಿಗೆ ನೀರಿಲ್ಲ. ಕೆರೆಗೆ ಏರಿ ಇಲ್ಲ. ನನ್ನ ಮರಿ ಗೂಟದಲ್ಲಿದೆ. ಏರಿ ಕಟ್ಟಕ್ಕ."

"ಕಟ್ತೀನಿ ಕಣೇ. ಆದರೆ ಕಲ್ಲು ತರಬೇಕು, ಆಳು ಕರೀಬೇಕು. ಕೈಯಲ್ಲಿ ದುಡ್ಡಿಲ್ಲ. ಪೇಟೆಯಲ್ಲಿ ಎಲ್ಲರ ಬ್ಯಾಂಕು ಅಂತ ಇದೆ. ನನಗೊಂದು ಸಾಲ ಕೇಳು. ಮರೀಬೇಡ. ಸಾಲ!"

ಕೆಂಚಿ ಹೊರಟಳು. ಸಾಲ, ಸಾಲ, ಸಾಲ. ದಾರಿಯಲ್ಲಿ ಒಂದು ಚರಂಡಿ ಬಂತು. ಹುಪ್ ಅಂತ ಹಾರಿದಳು. ಆಚೆ ಇಳಿದಾಗ ಬಾಯಲ್ಲಿ ಏನಿತ್ತು ಗೊತ್ತಾ? ಸಾಲು, ಸಾಲು, ಸಾಲು!

ಬ್ಯಾಂಕಿನಲ್ಲಿ ಶಾಂಭವಿ ಮೇಡಂ ಕೂತಿದ್ದರು.

"ಮೇಡಂ, ಮೇಡಂ, ಗಂಟೆಗೆ ನಾಲಿಗೆ ಇಲ್ಲ. ಆಚಾರಿಗೆ ಇದ್ದಿಲಿಲ್ಲ. ದುರುಗಪ್ಪನಿಗೆ ಕೊಂಬೆ ಇಲ್ಲ. ಜಾಲಿಗೆ ನೀರಿಲ್ಲ. ಕೆರೆಗೆ ಏರಿ ಇಲ್ಲ. ಮಾರಕ್ಕನಿಗೆ ಸಾಲು ಇಲ್ಲ. ನನ್ನ ಮರಿ ಗೂಟದಲ್ಲಿದೆ. ಸಾಲು ಕೊಡಿ."

ಅಲ್ಲಿದ್ದವರೆಲ್ಲ ಗೊಳ್ ಅಂತ ನಕ್ಕರು. ಕೆಂಚಿಗೆ ಅಳು ಬಂತು. ಮೇಡಂ ನಗಲಿಲ್ಲ. ಗಲ್ಲಕ್ಕೆ ಕೈ ಇಟ್ಟು ಯೋಚನೆ ಮಾಡಿದರು.

"ನೀನು ಕೇಳಬೇಕಾಗಿದ್ದು ಸಾಲ. ಕೇಳಿದ್ದು ಸಾಲು. ಆದರೂ ಸರಿಯಾಗೇ ಕೇಳಿದ್ದೀಯ. ಈ ದುಡ್ಡು ನನ್ನದಲ್ಲ ಕೆಂಚಿ. ಎಲ್ಲ ಊರವರದು. ಕೊಟ್ಟರೆ ನಾಲ್ಕು ಜನಕ್ಕೆ ಆಗಬೇಕು. ನಾಲ್ಕು ಕಾಲ ನಿಲ್ಲಬೇಕು. ನಿನ್ನ ಸಾಲು ಎಲ್ಲಿದೆ? ತೋರಿಸು."

"ಮರ ಬರಲ್ಲ ಮೇಡಂ. ಕೆರೆಯೂ ಬರಲ್ಲ."

"ಹಾಗಾದರೆ ನಾನೇ ಬರ್ತೀನಿ. ನಡಿ."

ಕೆರೆಯ ಪಕ್ಕ, ಜಾಲಿಯ ಹತ್ತಿರ, ಊರವರೂ ಸೇರಿ ಎಲ್ಲರೂ ಸಾಲಾಗಿ ನಿಂತರು. ಮೇಡಂ ಒಬ್ಬೊಬ್ಬರನ್ನೇ ಕೇಳಿದರು. ನೀನೇನು ಮಾಡ್ತೀಯ?

"ಏರಿ ಗಟ್ಟಿ ಕಟ್ತೀನಿ, ವರ್ಷ ವರ್ಷ ನೋಡಿಕೊಳ್ತೀನಿ," ಅಂದಳು ಮಾರಕ್ಕ.

"ಎಲ್ಲರಿಗೂ ನೀರು ಕೊಡ್ತೀನಿ," ಅಂತು ಕೆರೆ.

"ಕೊಂಬೆ ಕೊಡ್ತೀನಿ," ಅಂತು ಜಾಲಿ.

"ಕೊಂಬೆ ಅಷ್ಟೇ ಕಡೀತೀನಿ, ಬುಡ ಮುಟ್ಟಲ್ಲ," ಅಂದ ದುರುಗಪ್ಪ.

"ಇದ್ದಿಲು ಬಂದ ಮೇಲೆ ಏರಿ ಕೆಲಸದ ಗುದ್ದಲಿ ಹಾರೆ ನನ್ನ ಜವಾಬ್ದಾರಿ," ಅಂದ ಕಾಳಾಚಾರಿ.

"ಹೊಲಕ್ಕೆ ನೀರು ಕಟ್ಟಿ ಬೆಳೆ ತೆಗೆದು ಸುಗ್ಗಿ ಸುಗ್ಗಿಗೆ ಸಾಲ ತೀರಿಸ್ತೀವಿ," ಅಂದರು ಊರವರು.

"ತೀರಿಸಿ. ಅದೇ ದುಡ್ಡು ಪಕ್ಕದೂರಿನ ಕೆರೆಗೆ ಹೋಗಬೇಕು," ಅಂದರು ಮೇಡಂ. ಆಮೇಲೆ ಕೆಂಚಿಯ ಕಡೆ ತಿರುಗಿದರು. "ನೀನು?"

ಕೆಂಚಿ ತಲೆ ಬಗ್ಗಿಸಿದಳು. "ಚಿಗುರು ತಿಂದಿದ್ದು ನಾನೇ ಮೇಡಂ. ಇನ್ನು ತಿನ್ನಲ್ಲ. ಮರ ನನ್ನ ಬಾಯಿಗೆ ಎಟುಕದಷ್ಟು ಬೆಳೆಯೋ ತನಕ ಆ ಕಡೆ ಸುಳಿಯಲ್ಲ."

"ಶಾಭಾಷ್!" ಅಂದರು ಮೇಡಂ.

ಮಾರಕ್ಕನಿಗೆ ಸಾಲ ಬಂತು. ಏರಿ ಎದ್ದಿತು. ಮಳೆಗಾಲ ಬಂತು, ಕೆರೆ ತುಂಬಿತು. ಜಾಲಿ ಚಿಗುರಿತು. ಚಿಗುರು ಕೊಂಬೆ ಆಗೋಕೆ ಇನ್ನೊಂದು ಮಳೆಗಾಲ ಬೇಕಾಯಿತು. ಏನು, ಅಷ್ಟು ದಿನವಾ? ಹೂಂ, ಅಷ್ಟು ದಿನ. ಮರಕ್ಕೆ ನಿಮ್ಮ ಹಾಗೆ ಅವಸರ ಇರುತ್ತಾ? ಕೆಂಚಿ ದಿನಾ ದೂರದಿಂದ ಆ ಎಳೆ ಚಿಗುರು ನೋಡಿದಳು. ಬಾಯಲ್ಲಿ ನೀರೂರಿತು. ಗೂಟದಲ್ಲಿದ್ದ ಮರಿಯನ್ನು ನೆನೆದಳು. ತಿನ್ನಲಿಲ್ಲ.

ಆಮೇಲೆ ನೋಡಿ! ಮಾರಕ್ಕ ಕೆರೆಗೆ ಏರಿ ಕೊಟ್ಟಿದ್ದಳು. ಕೆರೆ ಜಾಲಿಗೆ ನೀರು ಕೊಟ್ಟಿತ್ತು. ಜಾಲಿ ದುರುಗಪ್ಪನಿಗೆ ಕೊಂಬೆ ಕೊಟ್ಟಿತು. ದುರುಗಪ್ಪ ಆಚಾರಿಗೆ ಇದ್ದಿಲು ಕೊಟ್ಟ. ಆಚಾರಿ ಗಂಟೆಗೆ ನಾಲಿಗೆ ಕೊಟ್ಟ.

ಟಿಣ್!

ಮನೆಯವರು ಬೂದನ ಹಗ್ಗ ಬಿಚ್ಚಿದರು. ಬೂದ ಈಗ ದೊಡ್ಡವನು, ಕೊಂಬು ಮೂಡಿದೆ. ಹೆಜ್ಜೆ ಹಾಕಿದ. ಹಗ್ಗ ಇದ್ದಷ್ಟು ದೂರ ಬಂದ. ಅಲ್ಲಿ ನಿಂತುಬಿಟ್ಟ. ಕೊರಳಲ್ಲಿ ಹಗ್ಗ ಇಲ್ಲ. ಆದರೂ ನಿಂತ.

ಕೆಂಚಿ ಅಲ್ಲೇ ಆಚೆ ನಿಂತಿದ್ದಳು. ಮೆಲ್ಲಗೆ ತಲೆ ಆಡಿಸಿದಳು. ಟಿಣ್.

ಬೂದ ಕಿವಿ ನಿಮಿರಿಸಿದ. ಕಾಲು ಎತ್ತಿದ. ಇನ್ನೊಂದು ಹೆಜ್ಜೆ ಇಟ್ಟ. ಆಮೇಲೆ ಇನ್ನೊಂದು. ಆಮೇಲೆ ಓಡಿದ ನೋಡಿ, ನೇರವಾಗಿ, ಅಮ್ಮನ ಹತ್ತಿರ!

ಟಿಣ್ ಟಿಣ್ ಅವರಿಗೆ, ಕಥೆ ನಿಮಗೆ. ಏಳಿ, ಕೈ ತೊಳೆದು ಊಟಕ್ಕೆ ಕೂರಿ.