ಹಡಗು ಹತ್ತಿದ ಬುತ್ತಿ

ಬಂದರಿನ ಗೋದಾಮಿನಲ್ಲಿ ಅತ್ತೆ ಇರುವೆ, ಸೊಸೆ ಇರುವೆ ಇದ್ದವು. ವಿಹಾರಕ್ಕೆ ಹೋಗುವ ದೊಡ್ಡ ಹಡಗಿನ ಊಟದ ಮನೆಯಲ್ಲಿ ಹೊತ್ತಿಗೊಂದು ಬಗೆಯ ಸಿಹಿ ಬಡಿಸುತ್ತಾರೆಂದು ಕೇಳಿದ ಸೊಸೆ, ಒಮ್ಮೆ ರುಚಿ ನೋಡಬೇಕೆಂದು ವರ್ಷವಿಡೀ ಅತ್ತೆಯ ತಲೆ ತಿಂದಳು. ಕಡೆಗೂ ಅತ್ತೆ ಒಪ್ಪಿದಳು. ಆದರೆ ನಾಲ್ಕು ದಿನದ ಪಯಣಕ್ಕೂ ಸಾಲುವಷ್ಟು ಬುತ್ತಿ ಕಟ್ಟಿಕೊಂಡೇ ಹಡಗು ಹತ್ತಿದಳು.

ಮೊದಲ ಸಂಜೆಯೇ ಸುಟ್ಟ ಸಕ್ಕರೆಯ ಘಮ ಅವರಿಬ್ಬರೂ ಸೇರಿಕೊಂಡಿದ್ದ ಕೋಣೆಯ ಬಾಗಿಲಡಿಯಿಂದ ನುಗ್ಗಿತು. ಸೊಸೆ ಎದ್ದು ನಿಂತಳು.

"ಎಲ್ಲಿಗೆ ಹೊರಟೆ? ಮೊದಲು ಅವಲಕ್ಕಿ ಮುಗಿಸು, ಮುಗ್ಗಲು ಹಿಡಿಯುತ್ತೆ," ಎಂದಳು ಅತ್ತೆ.

ಮರುದಿನ ಚಕ್ಕುಲಿ ಚೂರು ಮೆತ್ತಗಾಗುತ್ತಿತ್ತು. ಅದರ ಮರುದಿನ ಬೆಲ್ಲ ನೀರೊಡೆದಿತ್ತು.

"ಇದನ್ನು ತಿನ್ನೋಕೆ ಗೋದಾಮೇ ಸಾಕಿತ್ತಲ್ಲ ಅತ್ತೆ, ಸಮುದ್ರ ಯಾಕೆ ಬೇಕಿತ್ತು?"

"ಮನೆಯದನ್ನು ಚೆಲ್ಲಿ ಕಂಡವರದ್ದಕ್ಕೆ ಬಾಯಿ ಬಿಡೋರಲ್ಲ ನಾವು. ತಿನ್ನು."

ಸೊಸೆ ಬೆಲ್ಲ ನೆಕ್ಕುತ್ತ ಬಾಗಿಲಡಿಯ ಬೆಳಕನ್ನೇ ನೋಡಿದಳು. ಆಚೆ ತಟ್ಟೆ ಚಮಚಗಳ ಸದ್ದು, ಯಾರದೋ ನಗು.

ನಾಲ್ಕನೆಯ ದಿನ ಬುತ್ತಿ ಖಾಲಿಯಾಯಿತು. ಸೊಸೆ ಒಂದೇ ಉಸಿರಿಗೆ ಊಟದ ಮನೆಗೆ ಓಡಿದಳು. ಆಗಲೇ ಮೇಜುಗಳನ್ನು ಒರೆಸಿಟ್ಟಿದ್ದರು. ಹಡಗು ಬಂದರು ಮುಟ್ಟಿತ್ತು.

"ಒಂದು ಕಾಳೂ ಹಾಳಾಗಲಿಲ್ಲ ನೋಡು," ಎನ್ನುತ್ತ ಅತ್ತೆ ಇಳಿದಳು. ನಾಲ್ಕು ಹೆಜ್ಜೆ ನಡೆದವಳು ನಿಂತು, ಹಡಗಿನತ್ತ ತಿರುಗಿ, ಮೆಲ್ಲಗೆ ಕೇಳಿದಳು: "ನಿನ್ನೆ ಸಂಜೆ ಘಮ್ಮಂತ ಬಂತಲ್ಲ, ಅದು ಯಾವ ಸಿಹಿಯದ್ದೇ?"

"ತಿಂದವರನ್ನು ಕೇಳಬೇಕು, ಅತ್ತೆ," ಎಂದಳು ಸೊಸೆ.