ಕೂಸು ಕೈಯಲ್ಲಿದ್ದದ್ದನ್ನು ಯಾಕೆ ಬೀಳಿಸುತ್ತದೆ

ತಪ್ಪು ದೊಡ್ಡವರದು. ಲೋಕ ಇನ್ನೂ ಹಸಿಯಾಗಿದ್ದ ಕಾಲದಲ್ಲಿ, ಬೆಟ್ಟಗಳು ಬಿಸಿಲಿಗೆ ಒಣಗುತ್ತಾ ಕೂತಿದ್ದ ಕಾಲದಲ್ಲಿ, ಮಾತುಗಳನ್ನೆಲ್ಲ ಮಡಕೆಗೆ ತುಂಬಿ ನೆಲುವಿನಲ್ಲಿ ತೂಗುಹಾಕಿದವರು ಅವರೇ. ಮಕ್ಕಳ ಕೈಗೆ ಎಟುಕಬಾರದು ಎಂದು.

ದಿನಾ ಬೆಳಗ್ಗೆ ಮಕ್ಕಳನ್ನು ಸಾಲಾಗಿ ಕೂರಿಸಿ, ಕಿವಿಗೆ ಎಣ್ಣೆ ಬಿಟ್ಟಂತೆ ಮಾತು ಬಿಡುತ್ತಿದ್ದರು. ಬಿಟ್ಟದ್ದೆಲ್ಲ ಸೋರಿಹೋಗುತ್ತಿತ್ತು. ಮೊದಲ ಮಳೆ ಬರುವುದರೊಳಗೆ ಒಂದು ಮಾತೂ ಆಡದ ಕೂಸನ್ನು ಆಡಿನ ಹಿಂಡಿಗೆ ಬಿಟ್ಟುಬಿಡಬೇಕು. ಅದು ಅವರ ಕಟ್ಟಳೆ.

ತಾಯವ್ವನ ಮೊಮ್ಮಗಳು ಕೆಂಚಿ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಬೆಟ್ಟದಾಚೆ ಮೋಡ ಕಪ್ಪಾಗುತ್ತಿತ್ತು.

ತಾಯವ್ವ ಕೂಸನ್ನು ಎತ್ತಿಕೊಂಡು ಹೊಳೆಯ ದಂಡೆಗೆ ಹೋದಳು. "ಹೊಳೆಯವ್ವಾ, ನೀನು ಸದಾ ಮಾತಾಡುವವಳು. ನನ್ನ ಕೂಸಿಗೆ ಒಂದೇ ಒಂದು ಮಾತು ಕೊಡು."

"ಕೊಡೋಕೆ ಅದೇನು ರೊಟ್ಟಿಯೇನೇ?" ಹೊಳೆ ನಕ್ಕಿತು. "ಮೊದಲು ಕೂತ್ಕೋ. ನಿಂತವರ ಮಾತು ಕೂಸಿನ ತಲೆಯ ಮೇಲೇ ಹಾದುಹೋಗುತ್ತೆ."

ತಾಯವ್ವ ಮರಳಲ್ಲಿ ಕೂತಳು. ಕೆಂಚಿ ಒಂದು ಕಲ್ಲನ್ನು ನೀರಿಗೆ ಬೀಳಿಸಿ ಅಜ್ಜಿಯ ಮುಖ ನೋಡಿದಳು.

"ಕಲ್ಲು," ಎಂದಳು ತಾಯವ್ವ.

ಹೊಳೆ ಕಲ್ಲನ್ನು ಮೆಲ್ಲಗೆ ದಂಡೆಗೆ ತಂದಿಟ್ಟಿತು. ಕೆಂಚಿ ಮತ್ತೆ ಬೀಳಿಸಿದಳು, ಮತ್ತೆ ನೋಡಿದಳು. "ಕಲ್ಲು." ಮತ್ತೆ ಬೀಳಿಸಿದಳು. "ಕಲ್ಲು." ಬಿಸಿಲು ನೀರಿನೊಳಗೆ ತೂಕಡಿಸಿತು. ಮೀನುಗಳು ನಿಂತಲ್ಲೇ ಕನಸು ಕಂಡವು.

"ಬೇಜಾರಾಗಲ್ವಾ ನಿನಗೆ?" ಗಾಳಿ ಹೊಳೆಯನ್ನು ಕೇಳಿತು.

"ಕೂಸಿಗೆ ಆದಾಗ ನನಗೂ ಆಗುತ್ತೆ. ಸುಮ್ನಿರು."

ಮೊದಲ ಹನಿ ಬಿತ್ತು. ಊರಿನ ಹಿರಿಯ ಮಲ್ಲಜ್ಜ ಆಡಿನ ಹಗ್ಗ ಹಿಡಿದು ಬಂದ. "ಸಾಕು ತಾಯವ್ವ, ಕೂಸನ್ನ ಕೊಡು ಇತ್ತ."

ತಾಯವ್ವ ಕೂಸನ್ನು ಎದೆಗೆ ಅವಚಿಕೊಂಡಳು. ಕೆಂಚಿ ಹೆದರಲಿಲ್ಲ. ಮಲ್ಲಜ್ಜನ ಅಂಗೈಗೆ ಕಲ್ಲಿಟ್ಟು, ಅವನ ಮುಖ ನೋಡುತ್ತಾ ಕಾದಳು. ಮಲ್ಲಜ್ಜ ಯಾವ ಕೂಸಿನ ಜೊತೆಯೂ ಆಡಿದವನಲ್ಲ. ಈಗ ಹೇಳಬೇಕಾದವನು ತಾನು ಎಂಬುದೇ ಅವನಿಗೆ ತಿಳಿಯಲಿಲ್ಲ. ಬೆಪ್ಪಾಗಿ ನಿಂತ.

ಕೆಂಚಿಗೆ ಅವನ ಮೇಲೆ ಕನಿಕರ ಬಂತು.

"ಕಲ್ಲು," ಎಂದಳು.

ಹಗ್ಗ ಜಾರಿ ಬಿತ್ತು. ಮಲ್ಲಜ್ಜ ಆ ಮಳೆಯಲ್ಲೇ ಮರಳ ಮೇಲೆ ಕುಕ್ಕರುಗಾಲಿನಲ್ಲಿ ಕೂತ. "ಇನ್ನೊಂದು ಸಲ ಹೇಳ್ಕೊಡವ್ವ," ಎಂದ.

ಅಂದಿನಿಂದ ಇಂದಿನವರೆಗೂ ಕೂಸುಗಳು ಲೋಟ, ಚಮಚ, ಸಿಕ್ಕಿದ್ದನ್ನೆಲ್ಲ ಬೀಳಿಸಿ ನಿಮ್ಮ ಮುಖ ನೋಡುತ್ತವೆ. ಅದು ತಂಟೆಯಲ್ಲ, ಕೇಳುವ ರೀತಿ. ಗದರಬೇಡಿ. ಕೆಲಸ ಬಿಟ್ಟು ನೆಲಕ್ಕೆ ಕೂತು, ಎತ್ತಿಕೊಡಿ, ಹೆಸರು ಹೇಳಿ. ಮತ್ತೆ ಬೀಳಿಸಿದರೆ ಮತ್ತೆ ಹೇಳಿ.